ಹೂವಿಲ್ಲದ ವರ್ಷದ ಕುರಿಂಜಿ

ಚಿಕ್ಕಮಗಳೂರಿನ ಕೈಮರ ದಾಟಿ ಮೇಲೆ ಹತ್ತುತ್ತಾ ಹೋದಂತೆ ಕಾಫಿ ತೋಟ ಹಿಂದೆ ಉಳಿಯುತ್ತೆ. ಸೀತಾಳಯ್ಯನಗಿರಿ ಬರೋ ಹೊತ್ತಿಗೆ ಮರಗಳೆಲ್ಲ ಕಣಿವೆಯ ಮಡಿಲಿಗೆ ಸರಿದು ಶೋಲಾ ಕಾಡಾಗಿ ನಿಂತಿರುತ್ತವೆ. ಮೇಲೆ ಬರೀ ಹುಲ್ಲುಗುಡ್ಡ. ಆ ಹುಲ್ಲಿನ ಮಧ್ಯೆ ಮೊಣಕಾಲೆತ್ತರಕ್ಕೆ ಒತ್ತೊತ್ತಾಗಿ ನಿಂತಿರೋ ಗಿಡ ನೋಡಿ, ಅದು ನೀಲಿ ಕುರಿಂಜಿ. ಹೂವಿಲ್ಲದಾಗ ಇದರ ಹತ್ತಿರ ಯಾರೂ ಗಾಡಿ ನಿಲ್ಲಿಸಲ್ಲ. ಇದಕ್ಕೆ ಕಾವಲು ಬೇಕಾಗಿರೋದು ಮಾತ್ರ ಈಗಲೇ.

ಮೊದಲು ಗುರುತು. ನೀಲಿ ಹೂ ಬಿಟ್ಟಿದ್ದೆಲ್ಲ ಇದೇ ಗಿಡ ಅಲ್ಲ. ಪಶ್ಚಿಮ ಘಟ್ಟದಲ್ಲಿ ಇದರ ದಾಯಾದಿಗಳು ಹತ್ತಾರಿವೆ. ಎಲೆಯ ಬುಡ ನೋಡಿ. ನೀಲಿ ಕುರಿಂಜಿ ಎಲೆಗೆ ತೊಟ್ಟಿರುತ್ತೆ, ಅಂಚು ಗರಗಸದ ಹಲ್ಲಿನ ಹಾಗೆ. ತೊಟ್ಟೇ ಇಲ್ಲದೆ ಎಲೆ ನೇರ ಕಾಂಡಕ್ಕೆ ಅಂಟಿದ್ರೆ ಅದು ಬೇರೆ ಜಾತಿ, ಅದರ ಹೂವಿನ ಲೆಕ್ಕವೂ ಬೇರೆ. ಉತ್ತರದ ಘಟ್ಟಗಳಲ್ಲಿ ಆಳೆತ್ತರ ಬೆಳೆಯೋ ಕಾರ್ವಿ ಇನ್ನೊಂದು ದಾಯಾದಿ.

ಕುರಿಂಜಿಗೆ ಸುಮಾರು 1300 ಮೀಟರ್‌ಗಿಂತ ಮೇಲಿನ ಜಾಗ ಬೇಕು. ಮುಳ್ಳಯ್ಯನಗಿರಿ ತುದಿ ಸುಮಾರು 1930 ಮೀಟರ್, ಅಲ್ಲಿಯವರೆಗೂ ಒಗ್ಗುತ್ತೆ. ಮೇಲೆ ಹೋದಷ್ಟೂ ಗಾಳಿಯ ಹೊಡೆತಕ್ಕೆ ಗಿಡ ಗಿಡ್ಡವಾಗಿ, ಗಟ್ಟಿಯಾಗಿ ಬೆಳೆಯುತ್ತೆ. ಮಣ್ಣು ಎಷ್ಟಿದೆ ಅಂತ ಈ ರಸ್ತೆ ಕೊರೆದ ಜಾಗದಲ್ಲಿ ನೋಡಿ: ಮೇಲೆ ಒಂದು ಗೇಣು ಕಪ್ಪು ಮಣ್ಣು, ಕೆಳಗೆ ಕಲ್ಲು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನೆನೆದರೂ ಇಳಿಜಾರಲ್ಲಿ ನೀರು ನಿಲ್ಲಲ್ಲ, ಬೇರು ಕೊಳೆಯಲ್ಲ. ಬಿಸಿಲು ನೇರ ಬೀಳಬೇಕು. ತೋಟದ ನೆರಳು, ತಗ್ಗಿನ ಸೆಕೆ, ಕುಂಡದಲ್ಲಿ ನಿಂತ ನೀರು ಯಾವುದೂ ಇದಕ್ಕೆ ಆಗಿಬರಲ್ಲ. ಮನೆಗೆ ಕಿತ್ತು ತರೋ ಯೋಚನೆ ಬಿಡಿ. ಗಿಡ ಬದುಕಲ್ಲ, ಜೊತೆಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಸಂರಕ್ಷಿತ ಸಸ್ಯಗಳ ಪಟ್ಟಿಯಲ್ಲಿರೋ ಗಿಡ ಇದು, ಕೀಳೋದು ಅಪರಾಧ.

ಈಗ ಹನ್ನೆರಡು ವರ್ಷದ ಮಾತು. ಈ ಗಿಡ ಹೂ ಬಿಡೋದು ಜೀವಮಾನದಲ್ಲಿ ಒಂದೇ ಸಲ, ಅದೂ ಹನ್ನೆರಡು ವರ್ಷ ಬೆಳೆದ ಮೇಲೆ. ಬೀಜ ಕಟ್ಟಿ ಒಣಗಿ ಹೋಗುತ್ತೆ. ಗುಡ್ಡದ ಗಿಡಗಳೆಲ್ಲ ಒಟ್ಟಿಗೆ ಬೀಜ ಸುರಿದ್ರೆ ಹಕ್ಕಿ, ಇಲಿ, ಹುಳು ಎಷ್ಟೇ ತಿಂದರೂ ಒಂದಷ್ಟು ಉಳಿಯುತ್ತೆ. ಒಟ್ಟಿಗೇ ಅರಳೋದಕ್ಕೆ ತಜ್ಞರು ಕೊಡೋ ಮುಖ್ಯ ಕಾರಣ ಇದು. ಎಲ್ಲ ಬೆಟ್ಟಕ್ಕೂ ಒಂದೇ ಪಂಚಾಂಗ ಇಲ್ಲ. ಮುನ್ನಾರ್‌ನಲ್ಲಿ 2006, 2018. ನಮ್ಮ ಈ ಚಂದ್ರದ್ರೋಣ ಬೆಟ್ಟಸಾಲಿನಲ್ಲಿ 2022ರಲ್ಲಿ ಜನಜಾತ್ರೆ ಸೇರಿತ್ತು, ಹಾಗಾಗಿ ಆ ಲೆಕ್ಕಕ್ಕೆ ಮುಂದಿನದು 2034. ನಡುವೆ ಅಲ್ಲೊಂದು ಇಲ್ಲೊಂದು ಗಿಡ ಅರಳಿದ್ರೆ ಗಾಬರಿ ಬೇಡ, ಗುಂಪು ತಪ್ಪಿದ ಗಿಡ ಯಾವಾಗಲೂ ಇರುತ್ತೆ.

ಹೂ ಉದುರಿದ ಮೇಲೆ ಜನ ಇಳಿದು ಹೋಗ್ತಾರೆ. ಅಸಲಿ ಕೆಲಸ ಶುರುವಾಗೋದು ಆಗ. ಕಾಯಿ ಬಲಿಯೋಕೆ ಇನ್ನೂ ತಿಂಗಳುಗಳು ಬೇಕು. ಒಂದು ಕಾಯಲ್ಲಿ ಹೆಚ್ಚೆಂದರೆ ನಾಲ್ಕು ಬೀಜ. ಪ್ರತಿ ಬೀಜದ ಬುಡಕ್ಕೂ ಒಂದು ಗಟ್ಟಿ ಕೊಕ್ಕೆ. ಒಣಗಿದ ಕಾಯಿ ಮೇಲಿಂದ ಕೆಳಗೆ ಎರಡು ಹೋಳಾಗಿ ಸಿಡಿದಾಗ ಆ ಕೊಕ್ಕೆಯೇ ಬೀಜವನ್ನ ಆಚೆ ಚಿಮ್ಮಿಸುತ್ತೆ. ಚಿಮ್ಮಿದ್ರೂ ಎಷ್ಟು ದೂರ? ತಾಯಿಗಿಡದ ಆಸುಪಾಸಿಗೇ ಬೀಳೋದು. ರೆಕ್ಕೆಯಿಲ್ಲ, ಹತ್ತಿಯಿಲ್ಲ, ಗಾಳಿಗೆ ತೇಲಿ ಪಕ್ಕದ ಗುಡ್ಡಕ್ಕೆ ಹೋಗೋ ಬೀಜ ಅಲ್ಲ ಇದು. ಕಾಯಿ ಸಿಡಿಯೋ ಮುಂಚೆ ಬೆಂಕಿ ಬಿದ್ರೆ ಆ ಇಳಿಜಾರಿನ ಹನ್ನೆರಡು ವರ್ಷದ ಗಳಿಕೆ ಬೂದಿ. ಹೊರಗಿಂದ ಬಂದು ಮತ್ತೆ ತುಂಬೋರು ಯಾರೂ ಇಲ್ಲ. ಸತ್ತ ಕುರಿಂಜಿ ಕಡ್ಡಿ ಒಣ ಸೌದೆ ಇದ್ದ ಹಾಗೆ, ಬೇಸಿಗೆಯಲ್ಲಿ ಒಂದು ಬೀಡಿ ತುಂಡು ಸಾಕು.

ಹುಲ್ಲುಗುಡ್ಡ ಖಾಲಿ ಬಿದ್ದಿದೆ ಅಂತ ಮರ ನೆಡೋದೂ ಅಷ್ಟೇ ಕೆಟ್ಟದ್ದು, ನೆರಳು ಬಂದ ಕಡೆ ಕುರಿಂಜಿ ಹೋಯ್ತು ಅಂತಲೇ ಲೆಕ್ಕ.

ಇಲ್ಲಿ ಕಾಲುದಾರಿ ನೋಡಿ. ಫೋಟೋಗೆ ಅಂತ ನಾಲ್ಕು ಜನ ಒಳಗೆ ಇಳಿದ ಕಡೆ ಹುಲ್ಲು ಸವೆದು ಮಣ್ಣು ಬಿಟ್ಟುಕೊಂಡಿದೆ. ಮುಂಗಾರಿನ ನೀರು ಇದೇ ಜಾಡು ಹಿಡಿದು ಕೊರಕಲು ಮಾಡುತ್ತೆ, ಆ ಒಂದು ಗೇಣು ಮಣ್ಣು ಬೀಜದ ಸಮೇತ ಕಣಿವೆಗೆ. ಬೀಜ ಮೊಳೆಯೋದು ಮಳೆಯಲ್ಲೇ, ಎಳೆ ಸಸಿ ಹುಲ್ಲಿನ ಬುಡದಲ್ಲಿ ಕಣ್ಣಿಗೇ ಬೀಳಲ್ಲ. ಹಾಗಾಗಿ ಕ್ಯಾಮೆರಾ ಜೂಮ್ ಮಾಡಿ, ಕಾಲು ಡಾಂಬರಿನ ಮೇಲೇ ಇರಲಿ.