ಸಂಜೆ ಐದರ ಕೂಲಿಯಾಳು

ಕೇಳುಗರೆಲ್ಲರಿಗೂ ನಮಸ್ಕಾರ.

ಕಥೋಲಿಕ ದೇವಾಲಯಗಳಲ್ಲಿ ಯಾವ ದಿನ ಶುಭಸಂದೇಶದ, ಅಂದರೆ ಯೇಸುಸ್ವಾಮಿಯ ಬದುಕು-ಬೋಧನೆಗಳನ್ನು ಹೇಳುವ ಬೈಬಲ್ ಗ್ರಂಥಗಳ, ಯಾವ ಭಾಗವನ್ನು ಓದಬೇಕೆಂಬುದು ಸಾಮಾನ್ಯವಾಗಿ ಆಯಾ ಊರಿನ ಗುರುಗಳ ಆಯ್ಕೆಗೆ ಬಿಟ್ಟ ವಿಷಯವಲ್ಲ. ಕಥೋಲಿಕ ಧರ್ಮಾಧ್ಯಕ್ಷರೆಲ್ಲ ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ, 1969ರಲ್ಲಿ ಪ್ರಕಟವಾದ ವಾಚನಕ್ರಮವು ವರ್ಷದ ಪ್ರತಿದಿನಕ್ಕೂ ವಾಚನಗಳನ್ನು ಗೊತ್ತುಮಾಡಿದೆ. ಭಾನುವಾರದ ವಾಚನಗಳು ಮೂರು ವರ್ಷಕ್ಕೊಮ್ಮೆ ಮರಳಿ ಬರುತ್ತವೆ. ವಾರದ ದಿನಗಳ ಶುಭಸಂದೇಶವಾದರೋ ಸಾಧಾರಣ ಕಾಲದಲ್ಲಿ, ಅಂದರೆ ಕ್ರಿಸ್ಮಸ್, ಈಸ್ಟರ್‌ನಂಥ ಹಬ್ಬಗಳ ಕಾಲಗಳನ್ನು ಬಿಟ್ಟು ಉಳಿದ ವಾರಗಳಲ್ಲಿ, ಮೊದಲು ಮಾರ್ಕ, ಬಳಿಕ ಮತ್ತಾಯ, ಕೊನೆಗೆ ಲೂಕ ಎಂಬ ಕ್ರಮದಲ್ಲಿ ಪ್ರತಿವರ್ಷವೂ ಸಾಗುತ್ತದೆ. ಬೆಂಗಳೂರಿನ ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾದಲ್ಲಿಯೂ ಕೊಡಗಿನ ಕಾಫಿ ತೋಟಗಳ ನಡುವಿನ ಪುಟ್ಟ ಚರ್ಚಿನಲ್ಲಿಯೂ ಒಂದೇ ಬೆಳಿಗ್ಗೆ ಒಂದೇ ಪ್ರಸಂಗ ಕೇಳಿಬರುವುದು ಈ ಕಾರಣದಿಂದ.

ವಾರದ ದಿನಗಳ ಬಲಿಪೂಜೆಗೆ (ಮಾಸ್) ಬರುವವರು ಯಾವ ಧರ್ಮಕೇಂದ್ರದಲ್ಲಾದರೂ, ಅಂದರೆ ಯಾವ ಚರ್ಚಿನಲ್ಲಾದರೂ, ಬೆರಳೆಣಿಕೆಯವರೇ. ನಿವೃತ್ತರು, ಕನ್ಯಾಸ್ತ್ರೀಯರು, ಕೆಲಸಕ್ಕೆ ಹೋಗುವ ದಾರಿಯಲ್ಲಿ ಬ್ಯಾಗು ಹೆಗಲಲ್ಲಿಟ್ಟುಕೊಂಡೇ ಹಿಂದಿನ ಬೆಂಚಿನಲ್ಲಿ ಕೂರುವ ಒಬ್ಬಿಬ್ಬರು. ಶುಭಸಂದೇಶ ಓದುವ ಮುನ್ನ ಎದ್ದು ನಿಂತು, ಹೆಬ್ಬೆರಳಿನಿಂದ ಹಣೆ, ತುಟಿ, ಎದೆಗಳ ಮೇಲೆ ಪುಟ್ಟ ಶಿಲುಬೆಯ ಗುರುತು ಹಾಕಿಕೊಳ್ಳುವ ಇವರಿಗೆ, ಭಾನುವಾರ ಮಾತ್ರ ಬರುವವರಿಗೆ ಸುಲಭವಾಗಿ ಸಿಗದ ಒಂದು ಅನುಕೂಲವಿದೆ: ನಿನ್ನೆ ಎಲ್ಲಿಗೆ ನಿಂತಿತ್ತೆಂಬುದು ಇವರಿಗೆ ನೆನಪಿರುತ್ತದೆ. ಅದೊಂದು ಅನುಕೂಲ ಎಷ್ಟು ದೊಡ್ಡದು ಎಂಬುದಕ್ಕೆ ಸಾಧಾರಣ ಕಾಲದ ಇಪ್ಪತ್ತನೆಯ ವಾರದ ಬುಧವಾರ, ಅಂದರೆ ಆಗಸ್ಟ್ ತಿಂಗಳ ಮೂರನೆಯ ವಾರದ ಆಸುಪಾಸಿನಲ್ಲಿ, ಓದುವ ಮತ್ತಾಯನ ಇಪ್ಪತ್ತನೆಯ ಅಧ್ಯಾಯವೇ ಸಾಕು.

ಅಲ್ಲಿ ಯೇಸುಸ್ವಾಮಿ ಹೇಳುವ ಕಥೆ ಹಲವರಿಗೆ ಗೊತ್ತು. ದ್ರಾಕ್ಷಿತೋಟದ ಯಜಮಾನನೊಬ್ಬ ನಸುಕಿನಲ್ಲೇ ಪೇಟೆಗೆ ಹೋಗಿ, ದಿನಕ್ಕೊಂದು ಬೆಳ್ಳಿನಾಣ್ಯದಂತೆ ಕೂಲಿಯಾಳುಗಳನ್ನು ಗೊತ್ತುಮಾಡಿಕೊಂಡು ಬರುತ್ತಾನೆ. ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೂ ಹೋಗಿ ಇನ್ನಷ್ಟು ಜನರನ್ನು ಕಳುಹಿಸುತ್ತಾನೆ. ಹೊತ್ತು ಮುಳುಗಿದಾಗ ಎಲ್ಲರಿಗೂ ಅದೇ ಒಂದು ನಾಣ್ಯ. ಬಿಸಿಲಿನಲ್ಲಿ ದಿನವಿಡೀ ದುಡಿದವರು ಗೊಣಗುತ್ತಾರೆ.

ಐದು ಗಂಟೆಗೆ ಸಿಕ್ಕವರನ್ನು ಸೋಮಾರಿಗಳೆನ್ನುವುದು ರೂಢಿ. ಆದರೆ ಯಜಮಾನ ಕೇಳಿದಾಗ ಅವರು ಕೊಟ್ಟ ಉತ್ತರ, ತಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲವೆಂಬುದು. ಬೆಂಗಳೂರಿನ ಸರ್ಕಲ್ಲುಗಳಲ್ಲಿ ಬೆಳಿಗ್ಗೆ ಏಳಕ್ಕೆ ಗಾರೆಕೆಲಸದವರು ಕರಣೆ, ಬುತ್ತಿ ತುಂಬಿದ ಚೀಲದೊಡನೆ ನಿಂತಿರುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮೇಸ್ತ್ರಿಯ ಕಣ್ಣು ಮೊದಲು ಹೋಗುವುದು ಗಟ್ಟಿಮುಟ್ಟಾದ ತೋಳಿನ ಕಡೆಗೆ. ವಯಸ್ಸಾದವರು, ಕಂಕುಳಲ್ಲಿ ಮಗುವಿರುವ ಹೆಂಗಸರು ಉಳಿದುಬಿಡುತ್ತಾರೆ. ಅವರ ಮನೆಯ ಒಲೆ ಮಾತ್ರ ಅರ್ಧ ಕೂಲಿಗೆ ಅರ್ಧವೇ ಉರಿದರೆ ಸಾಲದು. ಬಡವನ ಕೂಲಿಯನ್ನು ಅಂದೇ, ಸೂರ್ಯ ಮುಳುಗುವ ಮುನ್ನವೇ ಕೊಡಬೇಕೆಂದು ಬೈಬಲ್ಲಿನ ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡ ವಿಧಿಸುವುದೂ ಆ ಒಲೆಯನ್ನು ನೆನೆದೇ.

ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಸಂಬಳ ಹಂಚಿದ ಕ್ರಮ. ಕೊನೆಗೆ ಬಂದವರಿಂದ ಆರಂಭಿಸು ಎಂದು ಯಜಮಾನ ಮೇಲ್ವಿಚಾರಕನಿಗೆ ಹೇಳುತ್ತಾನೆ. ಮೊದಲಿನವರಿಗೆ ಮೊದಲು ಕೊಟ್ಟಿದ್ದರೆ ಅವರು ಒಪ್ಪಿದ ಕೂಲಿ ಪಡೆದು ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದರು, ಜಗಳವೇ ಇರುತ್ತಿರಲಿಲ್ಲ. ಅವರು ನಿಂತು ನೋಡಲಿ ಎಂದೇ ಆತ ಹೀಗೆ ಮಾಡಿದ್ದಾನೆ. ಏಕೆ?

ಉತ್ತರ ಮಂಗಳವಾರದ ವಾಚನದಲ್ಲಿದೆ. ಅಂದು ಶಿಷ್ಯ ಪೇತ್ರನು ಯೇಸುಸ್ವಾಮಿಯನ್ನು, ನಾವು ಎಲ್ಲವನ್ನೂ ಬಿಟ್ಟು ನಿಮ್ಮ ಹಿಂದೆ ಬಂದವರು, ನಮಗೇನು ಸಿಗುತ್ತದೆ ಎಂದು ಕೇಳಿರುತ್ತಾನೆ. ಸ್ವಾಮಿ ಅವನಿಗೆ ಪ್ರತಿಫಲದ ಭರವಸೆಯನ್ನು ಕೊಡುತ್ತಾರೆ, ಜೊತೆಗೇ ಮೊದಲಿನವರು ಕಡೆಯವರಾಗುವರೆಂದು ಎಚ್ಚರಿಸುತ್ತಾರೆ. ಆ ಎಚ್ಚರಿಕೆಯ ವಿವರಣೆಯಾಗಿ ಮರುದಿನದ ಈ ಸಾಮತಿ, ಅಂದರೆ ದೃಷ್ಟಾಂತಕಥೆ, ಬರುತ್ತದೆ. ಭಾನುವಾರದ ವಾಚನಗಳಲ್ಲಿ ಇದೇ ಕಥೆ ಮೂರು ವರ್ಷಕ್ಕೊಮ್ಮೆ, ಪೇತ್ರನ ಪ್ರಶ್ನೆಯ ನಂಟಿಲ್ಲದೆ ಬರುವುದರಿಂದ, ಅದು ಹೊರಗಿನವರಿಗೆ ದೇವರು ತೋರುವ ಔದಾರ್ಯದ ಕಥೆಯಾಗಿ ಮಾತ್ರ ಕೇಳಿಸುತ್ತದೆ. ಬುಧವಾರ ಕೇಳಿದಾಗ ಮಾತು ನೇರವಾಗಿ ಒಳಗಿನವರಿಗೆ, ಅಂದರೆ ದಿನವೂ ಆರು ಗಂಟೆಗೆ ಬಂದು ಕೂರುವ ನಮಗೇ, ಅನ್ವಯಿಸುತ್ತದೆ.

ಆ ವಾರ ಹಲವು ಧರ್ಮಕೇಂದ್ರಗಳಲ್ಲಿ ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಜನನೋತ್ಸವದ ಸಿದ್ಧತೆ ನಡೆದಿರುತ್ತದೆ. ತೇರಿನ ಮುಂದೆ ಯಾರು, ಹಬ್ಬಕ್ಕೆ ಮುಂಚಿನ ಒಂಬತ್ತು ದಿನಗಳ, ಅಂದರೆ ನವದಿನದ, ಪೂಜೆಗಳ ಸೇವಾಕರ್ತರು ಯಾರು, ವಾಚನ ಓದುವವರು ಯಾರು ಎಂಬ ಚರ್ಚೆಯಲ್ಲಿ, ನಮ್ಮ ಅಜ್ಜನ ಕಾಲದಿಂದ ನಾವೇ ಎಂಬ ಮಾತು ಒಮ್ಮೆಯಾದರೂ ಬರುತ್ತದೆ. ಕಳೆದ ವರ್ಷವಷ್ಟೇ ಬಾಡಿಗೆ ಮನೆಗೆ ಬಂದ ಕುಟುಂಬ ಹಿಂದಿನ ಬೆಂಚಿನಲ್ಲೇ ಇರುತ್ತದೆ. ಅವರನ್ನೂ ಯಾರೂ ಕರೆದಿರುವುದಿಲ್ಲ. ಹಳಬರ ದುಡಿಮೆ ಸಣ್ಣದೆಂದು ನಾನು ಹೇಳುತ್ತಿಲ್ಲ, ಅವರಿಲ್ಲದೆ ಹಬ್ಬವೇ ನಡೆಯದು. ಕಥೆಯ ಯಜಮಾನನೂ ಅವರ ನಾಣ್ಯದಲ್ಲಿ ಒಂದು ಕಾಸನ್ನೂ ಕಡಿಮೆ ಮಾಡಲಿಲ್ಲ. ನಾನು ಒಳ್ಳೆಯವನಾಗಿರುವುದು ನಿನಗೆ ಹೊಟ್ಟೆಕಿಚ್ಚೋ ಎಂದು ಮಾತ್ರ ಕೇಳಿದ.

ಆ ಪ್ರಶ್ನೆಗೆ ಕೂಲಿಯಾಳು ಏನೆಂದನೋ ಮತ್ತಾಯ ಬರೆದಿಲ್ಲ. ಗುರುವಾರದ ವಾಚನ ಮದುವೆಯೂಟದ ಸಾಮತಿಗೆ ಹೋಗುತ್ತದೆ. ಅಲ್ಲಿ ಮೊದಲು ಆಹ್ವಾನ ಪಡೆದವರು ಬರುವುದಿಲ್ಲ. ಆಳುಗಳು ರಸ್ತೆಗಳಲ್ಲಿ ಕಂಡಕಂಡವರನ್ನೆಲ್ಲ ಕರೆತಂದು ಪಂಕ್ತಿ ತುಂಬಿಸುತ್ತಾರೆ.

ನಮಸ್ಕಾರ.