ಚಂದ್ರನ ಗುಂಡಿಗಳಿಗೆ ವಯಸ್ಸೆಷ್ಟು?

ಕೇಳುಗರಿಗೆ ನಮಸ್ಕಾರ.

ನಮ್ಮ ಮಲೆನಾಡಿನಲ್ಲಿ ಮಳೆಗಾಲ ಮುಗಿದ ಮೇಲೆ ಹುಣ್ಣಿಮೆ ಚಂದ್ರನನ್ನು ನೋಡಬೇಕು. ಅವನ ಮೇಲೆ ಮೊಲ ಇದೆ ಅನ್ನುತ್ತೇವಲ್ಲ, ಆ ಕಪ್ಪು ಮಚ್ಚೆಗಳಲ್ಲಿ ಒಂದರ ಹೆಸರು ಇಂಬ್ರಿಯಂ. ಆಕಾಶದಿಂದ ದೊಡ್ಡ ಬಂಡೆ ಬಂದು ಅಪ್ಪಳಿಸಿ ಆದ ಗುಂಡಿ ಅದು. ಅಡ್ಡಗಲ 1,100 ಕಿಲೋಮೀಟರಿಗೂ ಜಾಸ್ತಿ. ಅಲ್ಲಿ ಆಗುಂಬೆಯಂಥ ಮಳೆ ಇಲ್ಲ, ಹೊಳೆ ಇಲ್ಲ. ಭೂಮಿಯ ಮೇಲಾಗಿದ್ದರೆ ಎಂದೋ ಅಳಿಸಿ ಹೋಗುತ್ತಿದ್ದ ಗುರುತು ಅಲ್ಲಿ ಹಾಗೇ ಉಳಿದಿದೆ.

ಏಟು ಬಿದ್ದದ್ದು ಯಾವಾಗ? ಮಚ್ಚೆಯ ಕಪ್ಪು ಕಲ್ಲು ತಂದು ನೋಡಿದರೆ ಉತ್ತರ ಸಿಗುವುದಿಲ್ಲ. ಅದು ಆಮೇಲೆ ಉಕ್ಕಿ ಬಂದು ತುಂಬಿಕೊಂಡ ಲಾವಾ. ನಮಗೆ ಬೇಕಾದದ್ದು ಏಟಿಗೆ ಕರಗಿ, ಚಿಮ್ಮಿ, ದೂರ ಹೋಗಿ ಬಿದ್ದ ಕಲ್ಲು. 1971ರ ಫೆಬ್ರವರಿಯಲ್ಲಿ ಅಪೊಲೊ 14ರ ಇಬ್ಬರು ಯಾತ್ರಿಗಳು ಫ್ರಾ ಮೌರೊ ಎಂಬಲ್ಲಿ ಇಳಿದದ್ದು ಅದಕ್ಕೇ.

ಇಂಥ ಕಲ್ಲಿನಲ್ಲಿ ಜಿರ್ಕಾನ್ ಎಂಬ ಸಣ್ಣ ಹರಳನ್ನು ಹುಡುಕುತ್ತಾರೆ. ನಮ್ಮ ಸೀಮೆಯ ತಳಗಲ್ಲಿಗೆ ಸುಮಾರು 300 ಕೋಟಿ ವರ್ಷ ಅಂತ ತಿಳಿದದ್ದೂ ಇದೇ ಜಾತಿಯ ಹರಳಿನಿಂದ. ಜಿರ್ಕಾನ್ ಹುಟ್ಟುವಾಗ ಯುರೇನಿಯಂ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ಹೊರಗೇ ಇಡುತ್ತದೆ. ಒಳಗಿನ ಯುರೇನಿಯಂ ನಿಧಾನಕ್ಕೆ ಸೀಸವಾಗುತ್ತಾ ಹೋಗುತ್ತದೆ. ಯುರೇನಿಯಂ-238 ಅರ್ಧಕ್ಕಿಳಿಯಲು ಸುಮಾರು 447 ಕೋಟಿ ವರ್ಷ, ಯುರೇನಿಯಂ-235ಕ್ಕೆ ಸುಮಾರು 70 ಕೋಟಿ. ಎರಡೂ ಲೆಕ್ಕ ತಾಳೆಯಾದರೆ ನಂಬಬಹುದು.

ಆದರೆ ಜಿರ್ಕಾನ್ ಬಲು ಹಠಮಾರಿ. ಎಷ್ಟೋ ಸಲ ದೊಡ್ಡ ಏಟಿಗೂ ಒಳಗಿನ ಸೀಸ ಬಿಟ್ಟುಕೊಡುವುದಿಲ್ಲ. ಆಗ ಅದು ಹೇಳುವುದು ತಾನು ಹುಟ್ಟಿದ ಕಾಲ, ಏಟು ಬಿದ್ದ ಕಾಲ ಅಲ್ಲ. ಅಪಟೈಟ್‌ನಂಥ ಫಾಸ್ಫೇಟ್ ಖನಿಜ ಅಷ್ಟು ಗಟ್ಟಿಗನಲ್ಲ. ಕಡಿಮೆ ಕಾವಿಗೇ ಸೀಸ ಕಳೆದುಕೊಂಡು ಲೆಕ್ಕ ಮೊದಲಿನಿಂದ ಶುರುಮಾಡುತ್ತದೆ. ಏಟಿನ ವಿಷಯದಲ್ಲಿ ನನಗೆ ಇದರ ಮಾತೇ ಜಾಸ್ತಿ ತೂಕದ್ದು ಅನ್ನಿಸುತ್ತದೆ. ಅಪೊಲೊ 14ರ ಫಾಸ್ಫೇಟ್ ಹೇಳಿದ್ದು ಸುಮಾರು 392 ಕೋಟಿ ವರ್ಷ. ಚಂದ್ರನಿಂದ ಸಿಡಿದು ಬಂದ ಉಲ್ಕಾಶಿಲೆಯೊಂದು 2002ರಲ್ಲಿ ಓಮನ್ ಮರುಭೂಮಿಯಲ್ಲಿ ಸಿಕ್ಕಿತು. ಏಟಿಗೆ ಕರಗಿದ ಕಲ್ಲಿನಲ್ಲೇ ಹರಳುಗಟ್ಟಿದ ಅದರ ಜಿರ್ಕಾನ್ ಕೂಡ ಹೆಚ್ಚುಕಡಿಮೆ ಅಷ್ಟೇ ಹೇಳಿತು.

ಅಪೊಲೊ ಕಲ್ಲುಗಳಲ್ಲಿ 390 ಕೋಟಿಯ ಆಸುಪಾಸಿನ ವಯಸ್ಸು ಮತ್ತೆ ಮತ್ತೆ ಕಂಡಿತ್ತು. ಆಗ ಚಂದ್ರನ ಮೇಲೆ ಬಂಡೆಗಳ ಸುರಿಮಳೆಯೇ ಆಗಿರಬೇಕು ಅಂತ 1974ರಲ್ಲಿ ಕೆಲವರು ವಾದಿಸಿದರು. ಕೇಳಲು ರೋಚಕವಾಗಿದೆ, ಅಲ್ವಾ? ಆದರೆ ಕೂಡ್ಲಿಯ ಸಂಗಮದಿಂದ ಕೆಳಗೆ ಒಂದು ಕಲ್ಲು ಎತ್ತಿಕೊಳ್ಳಿ. ಅದು ತುಂಗೆ ತಂದದ್ದೋ ಭದ್ರೆ ತಂದದ್ದೋ ಹೇಳಿ ನೋಡೋಣ. ಅಪೊಲೊ ಇಳಿದದ್ದೆಲ್ಲ ನಮಗೆ ಕಾಣುವ ಮುಖದಲ್ಲೇ. ಅಲ್ಲೆಲ್ಲ ಇಂಬ್ರಿಯಂನ ಚೂರು ಹರಡಿಕೊಂಡಿದ್ದರೆ, ಒಂದೇ ಏಟನ್ನು ನಾವು ಹಲವು ಏಟು ಅಂತ ಎಣಿಸಿರಬಹುದು.

ಆದ್ದರಿಂದಲೇ ಉಲ್ಕಾಶಿಲೆಗಳಿಗೆ ಬೆಲೆ. ಅವು ಚಂದ್ರನ ಯಾವ ಮೂಲೆಯಿಂದಲಾದರೂ ಬಂದಿರಬಹುದು. ಇನ್ನು 2024ರ ಜೂನ್‌ನಲ್ಲಿ ಚೀನಾದ ಚಾಂಗ್'ಎ-6 ಚಂದ್ರನ ಆಚೆ ಮುಖದಿಂದ 1,935 ಗ್ರಾಂ ಮಣ್ಣು, ಕಲ್ಲು ತಂದಿತು. ಅದರಿಂದ ದಕ್ಷಿಣ ಧ್ರುವ-ಏಟ್‌ಕೆನ್ ಗುಂಡಿಗೆ ಸುಮಾರು 425 ಕೋಟಿ ವರ್ಷ ಅಂತ ಲೆಕ್ಕ ಬಂದಿದೆ.

ಈಗ ಉಳಿದಿರುವ ಜಗಳ ನೆಕ್ಟಾರಿಸ್ ಗುಂಡಿಯದು. 390 ಕೋಟಿಯ ಆಸುಪಾಸು ಅನ್ನುವವರಿದ್ದಾರೆ, 410 ದಾಟಿದೆ ಅನ್ನುವವರೂ ಇದ್ದಾರೆ. ಮೊದಲನೆಯದು ನಿಜವಾದರೆ ಅದೂ ಇಂಬ್ರಿಯಂನ ಕಾಲದ ಹತ್ತಿರವೇ ಬಿದ್ದ ಇನ್ನೊಂದು ದೊಡ್ಡ ಏಟು ಅಂತಾಗಿ, ಸುರಿಮಳೆಯ ವಾದ ಮತ್ತೆ ಎದ್ದು ಕೂರುತ್ತದೆ. ತೀರ್ಮಾನಕ್ಕೆ ನೆಕ್ಟಾರಿಸ್‌ನದೇ ಅಂತ ಎಲ್ಲರೂ ಒಪ್ಪುವ ಒಂದು ಚೂರು ಕಲ್ಲು ಸಿಗಬೇಕು.