ಐಟಿಆರ್ ಇಲ್ದಿದ್ರೆ ಎಜುಕೇಶನ್ ಲೋನ್ ಕೇಳೋ ಹಕ್ಕೇ ಇಲ್ವಾ?

ನಮಸ್ಕಾರ ಎಲ್ರಿಗೂ. ಸಿಇಟಿ ಸೀಟ್ ಹಂಚಿಕೆ ಮುಗೀತು ಅಂದ್ರೆ ಸಾಕು, ಪ್ರತಿ ವರ್ಷ ಇದೇ ಗೋಳು ಕೇಳ್ತೀವಿ, ಸೀಟ್ ಸಿಕ್ತು ಲೋನ್‌ಗೆ ಅಂತ ಬ್ಯಾಂಕಿಗೆ ಹೋದ್ವಿ, ಅಪ್ಪಂದು ಐಟಿಆರ್ (ಇನ್‌ಕಮ್ ಟ್ಯಾಕ್ಸ್ ರಿಟರ್ನ್) ತಗೊಂಡ್ ಬಾ ಅಂದ್ರು, ಇಲ್ಲ ಅಂದ ತಕ್ಷಣ ಫೈಲ್ ಮುಟ್ಟಿ ಕೂಡ ನೋಡ್ಲಿಲ್ಲ.

ಎರಡೆಕರೆ ರಾಗಿ ಬೆಳೆಯೋರು ಐಟಿಆರ್ ಎಲ್ಲಿಂದ ತರ್ತಾರೆ ಸ್ವಾಮಿ? ಕೃಷಿ ಆದಾಯಕ್ಕೆ ಟ್ಯಾಕ್ಸ್ ಇಲ್ಲ ಅಂತ ಕಾನೂನೇ ಹೇಳುತ್ತೆ. ಗಾರೆ ಕೆಲಸದವ್ರು, ಮನೇಲೇ ಹೊಲಿಗೆ ಹಾಕೋ ಅಮ್ಮಂದಿರು, ಇವ್ರ ದುಡಿಮೆ ಟ್ಯಾಕ್ಸ್ ಲಿಮಿಟ್ ದಾಟೋದೇ ಅಪರೂಪ. ಕಾನೂನು ಪ್ರಕಾರ ಬದುಕಿದವ್ರನ್ನ ಏನೋ ತಪ್ಪು ಮಾಡಿದೋರ ಥರ ನಿಲ್ಲಿಸ್ತಾರಲ್ಲ, ನಂಗೆ ಹೊಟ್ಟೆ ಉರಿಯೋದು ಅದಕ್ಕೆ.

ಇನ್ನೊಂದು ನೋಡಿ. ವರ್ಷದ ಆದಾಯ 4.5 ಲಕ್ಷದೊಳಗಿದ್ದು ಮಗು ಇಂಜಿನಿಯರಿಂಗ್ ಥರದ ಕೋರ್ಸ್ ಓದ್ತಿದ್ರೆ ಕೇಂದ್ರದ ಬಡ್ಡಿ ಸಬ್ಸಿಡಿ ಇದೆ, ಅದಕ್ಕೆ ಕೇಳೋದು ಐಟಿಆರ್ ಅಲ್ಲ, ಸರ್ಕಾರಿ ಅಧಿಕಾರಿ ಕೊಟ್ಟ ಆದಾಯ ಪ್ರಮಾಣಪತ್ರ, ಅಂದ್ರೆ ನಾಡಕಚೇರೀಲಿ ಅರ್ಜಿ ಹಾಕಿದ್ರೆ ತಹಶೀಲ್ದಾರ್ ಕೊಡ್ತಾರಲ್ಲ ಅದೇ. ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್) ಅರ್ಜೀಲೂ ಆದಾಯಕ್ಕೆ ಪುರಾವೆ ಅಂತ ಅದೇ ಪ್ರಮಾಣಪತ್ರದ ಮೇಲಿರೋ ಆರ್‌ಡಿ ನಂಬರ್ ಸಾಕು. ಬಡ್ಡಿ ಮಾಫಿಗೆ ನಂಬೋ ಕಾಗದವನ್ನ ಅದೇ ಬ್ಯಾಂಕು ಸಾಲ ಕೊಡೋವಾಗ ಯಾಕೆ ನಂಬಲ್ಲ?

ಕೆಲವು ಏಜೆಂಟ್‌ಗಳು ಎರಡು ವರ್ಷದ ರಿಟರ್ನ್ ಒಟ್ಟಿಗೆ ಹಾಕಿಸ್ಕೊಡ್ತೀವಿ, ಆದಾಯ ಜಾಸ್ತಿ ತೋರಿಸೋಣ ಅಂತಾರೆ. ದಯವಿಟ್ಟು ಬೇಡ. ಅದು ಸುಳ್ಳು ದಾಖಲೆ, ಜೊತೆಗೆ ಎಸ್‌ಸಿ ಮಕ್ಕಳ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್‌ಗೆ ಆದಾಯ ಮಿತಿ 2.5 ಲಕ್ಷ, ಇಲ್ಲಿ ಜಾಸ್ತಿ ತೋರಿಸಿ ಅಲ್ಲಿ ಕಳ್ಕೋತೀರಿ.

ಅದರ ಬದಲು ಇರೋದನ್ನೇ ಜೋಡಿಸಿ: ಆದಾಯ ಪ್ರಮಾಣಪತ್ರ, ಪಹಣಿ, ಹಾಲಿನ ಡೇರಿ ದುಡ್ಡು ಬೀಳೋ ಪಾಸ್‌ಬುಕ್, ಮಂಡೀಲಿ ಮಾರಿದ ಚೀಟಿ. ಲೋನ್ ಬರೀ ಬಾಯಲ್ಲಿ ಕೇಳ್ಬೇಡಿ, ಎಜುಕೇಶನ್ ಲೋನ್‌ಗೆ ಅಂತಾನೇ ಇರೋ ಕೇಂದ್ರದ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲೇ ಅರ್ಜಿ ಹಾಕಿ, ದಾಖಲೆ ಉಳಿಯುತ್ತೆ. ಆಗಲ್ಲ ಅಂದ್ರೆ ಕಾರಣ ಬರೆದು ಕೊಡಿ ಸಾರ್ ಅಂತ ಮರ್ಯಾದೆಯಿಂದಾನೇ ಕೇಳಿ, ಯಾಕಂದ್ರೆ ಬ್ಯಾಂಕ್‌ಗಳ ಸಂಘ ಐಬಿಎ ಮಾಡಿರೋ ಮಾದರಿ ಸ್ಕೀಮ್ ಪ್ರಕಾರ ಎಜುಕೇಶನ್ ಲೋನ್ ಅರ್ಜಿ ರಿಜೆಕ್ಟ್ ಮಾಡೋಕೆ ಮೇಲಿನ ಅಧಿಕಾರಿ ಒಪ್ಪಿಗೆನೂ ಬೇಕು. ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಡಿ, 30 ದಿನದಲ್ಲಿ ಉತ್ತರ ಬರ್ಲಿಲ್ಲ ಅಂದ್ರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ (ಬ್ಯಾಂಕ್‌ಗಳ ಮೇಲಿನ ದೂರು ವಿಚಾರಿಸೋ ಅಧಿಕಾರಿ) ಆನ್‌ಲೈನಲ್ಲೇ ದೂರು ಹಾಕ್ಬಹುದು, ಅದಕ್ಕೆ ಒಂದು ರೂಪಾಯಿನೂ ಫೀಸಿಲ್ಲ.